ಎಡತೋಳಿಗೆ ಬೀಳದ ಬಿಸಿಲು

ಈ ಬರಹದಲ್ಲಿ ವಾರಗಳ ಹೆಸರುಗಳಿವೆ, ತಾರೀಖುಗಳಿಲ್ಲ. ವೈದ್ಯಕೀಯ ಇತಿಹಾಸದ ಸಂಶೋಧನೆಯಲ್ಲಿ ಆಯುಷ್ಯದ ಬಹುಪಾಲು ಕಳೆದವಳು ನಾನು. ಒಂದು ತಾರೀಖನ್ನು ಮೂರು ಮೂಲಗಳಲ್ಲಿ ತಾಳೆ ನೋಡದೆ ಟಿಪ್ಪಣಿಗೆ ಇಳಿಸಿದವಳಲ್ಲ. ಅಂಥವಳು ತಾರೀಖು ಬಿಟ್ಟು ಬರೆಯುತ್ತಿದ್ದೇನೆಂದರೆ ಅದಕ್ಕೆ ಕಾರಣವಿದೆ. ತಾರೀಖು ಬರೆದರೆ ಒಬ್ಬ ಮನುಷ್ಯನನ್ನು ಗುರುತಿಸುವುದು ಸುಲಭವಾಗುತ್ತದೆ. ಆ ಮನುಷ್ಯನನ್ನು ತುಂಬಿದ ಸಭೆಯಲ್ಲಿ ಗುರುತಿಸಿ ತೋರಿಸುವ ಕೆಲಸವನ್ನು ನಾನು ಒಮ್ಮೆ ಮಾಡಿದ್ದೇನೆ. ಎರಡನೆಯ ಸಲ ಮಾಡಲಾರೆ.

ನಿವೃತ್ತಿಯ ನಂತರ ಕುವೈತಿನಲ್ಲಿರುವ ಮಗಳ ಮನೆಗೆ ಬಂದೆ. ಅವಳು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಹಗಲಿಡೀ ಏಸಿಯ ಗುಂಯ್‌ಗುಟ್ಟುವಿಕೆಯ ನಡುವೆ ನಾನು ಬೆನ್ನು ಹತ್ತಿದ್ದುದು ವಿಕ್ಟೋರಿಯಾ ರಾಣಿಯ ಕಾಲದ ಎಡಿನ್‌ಬರೋದ ಒಬ್ಬ ಶಸ್ತ್ರವೈದ್ಯನನ್ನು. ಅವನು ನುರಿತ ಕೈಯವನು, ಹೆಸರಾಂತ ಅಧ್ಯಾಪಕ. ದಾದಿಯರಿಗೆ ಕ್ರಮಬದ್ಧ ಶಿಕ್ಷಣ ಸಿಗಬೇಕೆಂದು ಮೊದಮೊದಲು ದುಡಿದವರಲ್ಲಿ ಒಬ್ಬ. ಆದರೆ ಲೋಕ ಅವನನ್ನು ನೆನಪಿಟ್ಟುಕೊಂಡಿರುವುದು ಬೇರೆಯೇ ಕಾರಣಕ್ಕೆ. ರೋಗಿ ಒಳಗೆ ಬಂದು ಬಾಯಿ ತೆರೆಯುವ ಮೊದಲೇ, ಅವನ ನಡಿಗೆ, ಅಂಗೈ, ಬೂಟಿಗಂಟಿದ ಮಣ್ಣು, ಷರಾಯಿ ಸವೆದ ಜಾಗ ಇಷ್ಟನ್ನೇ ನೋಡಿ, ನೀನು ಚಮ್ಮಾರ, ನೀನು ಸೈನ್ಯದಲ್ಲಿದ್ದವನು, ನೀನು ಇಂಥ ದಾರಿಯಿಂದ ನಡೆದು ಬಂದವನು ಎಂದು ಹೇಳಿಬಿಡುತ್ತಿದ್ದನಂತೆ. ಸುತ್ತ ನಿಂತ ವಿದ್ಯಾರ್ಥಿಗಳು ಬೆರಗಾಗುತ್ತಿದ್ದರಂತೆ. ಅವರಲ್ಲಿ ಹೊರರೋಗಿಗಳ ಪಟ್ಟಿ ಬರೆಯುತ್ತಿದ್ದ ಒಬ್ಬ ಮುಂದೆ ಕಥೆಗಾರನಾಗಿ ಒಬ್ಬ ಪತ್ತೇದಾರನನ್ನು ಸೃಷ್ಟಿಸಿದ. ಆ ಪತ್ತೇದಾರನ ಕಣ್ಣು ತನ್ನ ಗುರುವಿನದೇ ಎಂದು ಒಪ್ಪಿಕೊಂಡ. ಇಷ್ಟು ಎಲ್ಲರಿಗೂ ಗೊತ್ತು.

ನನ್ನ ಪ್ರಶ್ನೆ ಬೇರೆಯಿತ್ತು. ಈ ಪ್ರಸಂಗಗಳನ್ನು ಬರೆದಿಟ್ಟವರು ಯಾರು, ಯಾವಾಗ? ನಾನು ನೋಡಿದ ಮಟ್ಟಿಗೆ ಹೆಚ್ಚಿನವು ಶಿಷ್ಯರ ನೆನಪುಗಳು. ವರ್ಷಗಳು ಕಳೆದ ಮೇಲೆ, ಪತ್ತೇದಾರ ಪ್ರಸಿದ್ಧನಾದ ಮೇಲೆ ಅಚ್ಚಾದವು. ಗುರು ತಪ್ಪಿದ ಸಂದರ್ಭಗಳನ್ನು ಬಲು ಕಡಿಮೆ ಜನ ಬರೆದಿದ್ದಾರೆ. ರೋಗಿಯೇ ಬರೆದದ್ದಂತೂ ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. "ರೋಗಿಯ ಹೇಳಿಕೆ: ಲಭ್ಯವಿಲ್ಲ" ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡು ಸುಮ್ಮನಾದೆ. ಅದನ್ನು ಮೂಲಸಾಮಗ್ರಿಯ ಒಂದು ಕೊರತೆ ಎಂದಷ್ಟೇ ಭಾವಿಸಿದ ನನ್ನ ಜಾಣತನದ ಮೇಲೆ ನನಗೆ ಇಂದಿಗೂ ಸಿಟ್ಟು ಆರಿಲ್ಲ.

ಕರಾವಳಿಯವರ ಸಂಘವೊಂದು ಶುಕ್ರವಾರದ ಕಾರ್ಯಕ್ರಮಕ್ಕೆ ನನ್ನನ್ನು ಕರೆಯಿತು. ಬೇಸಿಗೆ ಏರಿತ್ತು, ಶಾಲೆಗಳಿಗೆ ರಜೆ ಬರುವುದಕ್ಕೆ ಇನ್ನೂ ಕೆಲವು ದಿನ ಬಾಕಿಯಿತ್ತು. ಊಟಕ್ಕೆ ಮೊದಲು ಇಪ್ಪತ್ತು ನಿಮಿಷ, ಆ ಶಸ್ತ್ರವೈದ್ಯನ ಬಗ್ಗೆ ನನ್ನ ಮಾತು. ಹದಿನೈದನೆಯ ನಿಮಿಷಕ್ಕೆ ಸಂಘದ ಅಧ್ಯಕ್ಷರು ಮೈಕಿನತ್ತ ಬಾಗಿದರು. ದೊಡ್ಡ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ, ಇಸ್ತ್ರಿ ಮುರಿಯದ ಅಂಗಿ, ಎಲ್ಲರ ಹೆಗಲ ಮೇಲೂ ಕೈ ಹಾಕುವ ಮನುಷ್ಯ.

"ಮೇಡಂ, ಬರೀ ಭಾಷಣ ಆದ್ರೆ ಜನ ಊಟದ ಕ್ಯೂಗೆ ಹೋಗ್ತಾರೆ. ಒಂದು ಡೆಮೋ ಕೊಡಿ ಮಾರಾಯ್ರೆ. ಯಾರನ್ನಾದ್ರೂ ನೋಡಿ ಹೇಳಿ."

"ಅಧ್ಯಕ್ಷರನ್ನೇ ನೋಡಿ ಹೇಳಿ!" ಎಂದಿತು ಹಿಂದಿನ ಸಾಲು.

"ಅವರದ್ದು ಹೇಳ್ಲಿಕ್ಕೆ ಡಾಕ್ಟ್ರು ಎಂತಕ್ಕೆ? ಹೊಟ್ಟೆಯೇ ಹೇಳ್ತದೆ!"

ಸಭೆ ನಕ್ಕಿತು. ಆ ನಗುವಿನ ಬಿಸಿಯಲ್ಲಿ ನಾನು ಹಿಗ್ಗಿದೆ. ಅದನ್ನು ಮರೆಮಾಚುವುದಿಲ್ಲ. ಆಗ ಬದಿಯ ಬಾಗಿಲಿನಿಂದ ನೀರಿನ ಬಾಟಲಿಗಳ ಕಟ್ಟು ಹೊತ್ತು ಒಬ್ಬ ಒಳಗೆ ಬಂದ. ನಲವತ್ತರ ಆಚೀಚೆ, ತೆಳುವಾದ ಮೈ, ಎಣ್ಣೆ ಹಾಕಿ ಬಾಚಿದ ತಲೆ. ಪ್ರತಿ ಕಾರ್ಯಕ್ರಮಕ್ಕೂ ಬಂದು ಕುರ್ಚಿ ಜೋಡಿಸಿ, ಕೊನೆಗೆ ಕುರ್ಚಿ ಮಡಚಿ ಹೋಗುವವನು.

"ಇಗೊ, ಇವ ಆಗಬಹುದು. ನಮ್ಮ ಸಲ್ವಾ ಏರಿಯಾದ ಡ್ರೈವರ್. ಬಾ ಮಾರಾಯ, ಹುಡುಗಿ ನೋಡ್ಲಿಕ್ಕೆ ಬಂದದ್ದಲ್ಲ, ನಾಚಿಕೆ ಎಂತದ್ದು?" ಎಂದರು ಅಧ್ಯಕ್ಷರು.

ಅವನು ವೇದಿಕೆ ಹತ್ತಿದ. ಎರಡೂ ಕೈಗಳನ್ನು, ಅಂಗೈ ಮೇಲೆ ಮಾಡಿ, ನನ್ನ ಮುಂದೆ ಚಾಚಿದ. ನಾನು ಕೇಳುವ ಮೊದಲೇ ಚಾಚಿದ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಅದರ ಅರ್ಥ ನನಗೆ ತಿಳಿದದ್ದು ಬಹಳ ಆಮೇಲೆ.

ನಾನು ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಕೆಂಪು ನೀಲಿ ಬೆರೆತ ಬಾವು, ಒಡೆದು ಒಣಗಿದ ಚರ್ಮ. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಈ ಮನುಷ್ಯನ ಕೈಯಲ್ಲಿ ಚಳಿಯಿಂದೆದ್ದ ಹುಣ್ಣು! ಅಂಗೈಯ ಅಡ್ಡಕ್ಕೆ ಪೆಟ್ಟಿಗೆಗಳಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಕೊಯ್ದ ಗೀರುಗಳು. ಎಡ ಹೆಬ್ಬೆರಳಿನಲ್ಲಿ ರಟ್ಟು ಸೀಳುವ ಚಾಕುವಿನ ಗಾಯ. ಇಳಿದ ಬಲಭುಜ. ಇನ್ನು ತೋಳು. ಊರಿನಲ್ಲಾದರೆ ಚಾಲಕನ ಬಲತೋಳು ಕಿಟಕಿಯ ಕಡೆಗಿರುತ್ತದೆ, ಈ ದೇಶದಲ್ಲಿ ಎಡತೋಳು. ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡೆನೆಂದು ಒಳಗೊಳಗೇ ಬೀಗಿದೆ. ಅವನ ಎಡತೋಳು ಬಲತೋಳಿಗಿಂತ ಒಂದು ಎಳೆಯಷ್ಟೂ ಕಪ್ಪಾಗಿರಲಿಲ್ಲ.

"ಇವರು ಡ್ರೈವರ್ ಅಲ್ಲ," ಎಂದೆ ಮೈಕಿನಲ್ಲಿ. "ಇವರು ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಹೊರುವವರು. ಒಂದೆರಡು ವಾರದಿಂದಲ್ಲ, ವರ್ಷಗಳಿಂದ." ಒಂದೊಂದೇ ಕಾರಣವನ್ನು ತರಗತಿಯಲ್ಲಿ ಬಿಡಿಸುವಂತೆ ಬಿಡಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಸಾಲುಸಾಲಾಗಿ ಫೋನುಗಳು ಮೇಲೆದ್ದವು.

"ಮತ್ತೆ ಆ ಕೀ ಯಾರದ್ದು ಮೇಡಂ?" ಯಾರೋ ಕೂಗಿದರು. ಅವನ ಸೊಂಟದ ಪಟ್ಟಿಗೆ ಕಂದು ಚರ್ಮದ ತುಂಡು ಪೋಣಿಸಿದ ಒಂದು ಕಾರಿನ ಕೀಲಿ ನೇತಾಡುತ್ತಿತ್ತು. ನಾನು ಅದನ್ನು ಆಗಲೇ ನೋಡಿದ್ದೆ. ನನ್ನ ತರ್ಕಕ್ಕೆ ಅದು ಒಗ್ಗಲಿಲ್ಲ, ಬಿಟ್ಟಿದ್ದೆ.

"ಡ್ರೈವರ್ ಎಂದು ಹೇಳಿಕೊಂಡ ಮೇಲೆ ಒಂದು ಕೀಲಿ ಬೇಕಲ್ಲ?" ಎಂದೆ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನೂ ನಕ್ಕ. ನಗುವ ಮೊದಲು ಒಮ್ಮೆ ಆ ಫೋನುಗಳ ಸಾಲಿನತ್ತ ನೋಡಿದ. ಅಂಗೈ ಓದಬಲ್ಲವಳಿಗೆ ಆ ನೋಟ ಓದಲಾಗಲಿಲ್ಲ. ನನಗೆ ಶಾಲು ಹೊದಿಸಿದರು. ಅವನು ಕುರ್ಚಿ ಮಡಚಲು ಹೋದ.

ಮರುವಾರದ ಗುರುವಾರ ಅಪರಿಚಿತ ಸಂಖ್ಯೆಯಿಂದ ಫೋನು ಬಂತು.

"ಅಮ್ಮ, ನಾನು. ನೀವು ಕೈ ನೋಡಿದ ಡ್ರೈವರ್. ನೀವು ಅವತ್ತು ಗೋಡೌನ್ ಅಂತ ಹೇಳಿದ್ದು ಸರಿ ಇತ್ತು. ಅದು ತಪ್ಪು ಅಂತ ಈಗ ನೀವು ಒಂದು ಕಾಗದದಲ್ಲಿ ಬರೆದು ಕೊಡ್ಬೇಕು," ಎಂದ.

ನನಗೆ ಮೊದಲು ಬಂದದ್ದು ಅವನ ಮೇಲೆಯೇ ಕೋಪ. ಸರಿಯಾದದ್ದನ್ನು ತಪ್ಪೆಂದು ಬರೆಯಬೇಕೆ? "ನೋಡಪ್ಪ, ನಾನು ಸುಳ್ಳು ಬರೆಯುವವಳಲ್ಲ," ಎಂದೆ.

"ನಾನೂ ಸುಳ್ಳಿನವ ಅಲ್ಲ ಅಮ್ಮ. ಆದ್ರೆ ಸರಕಾರದ ಪೇಪರಲ್ಲಿ ಓಡಿಹೋದವ ಅಂತ ಬಂದಿದೆ. ನಾನು ಬಸ್ಸು ಹಿಡೀಲಿಕ್ಕೂ ಓಡುವವ ಅಲ್ಲ."

ವಿಷಯ ಹೀಗಿತ್ತು. ಅವನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮನೆಗೆಲಸದವರ ವರ್ಗದ್ದು. ಸಲ್ವಾದ ಒಂದು ಮನೆಯ ಚಾಲಕ. ಆ ವರ್ಗದವರು ಬೇರೆಲ್ಲೂ ದುಡಿಯುವಂತಿಲ್ಲ. ನನ್ನ ಮಾತಿನ ತುಣುಕು ಶುಕ್ರವಾರ ಸಂಜೆಯೊಳಗೆ ವಾಟ್ಸಾಪಿನಲ್ಲಿ ಹರಿದಾಡಿತು, ಶನಿವಾರ ಅರ್ದಿಯಾದ ಗೋದಾಮುಗಳನ್ನು ತಲುಪಿತು, ಭಾನುವಾರ ಬೆಳಗ್ಗೆ ಅವನ ಕಫೀಲನ, ಅವನ ವೀಸಾದ ಹೊಣೆ ಹೊತ್ತ ಯಜಮಾನನ, ಕೈಗೆ ಬಂತು. ತಪಾಸಣೆ ಬಂದರೆ ತನಗೂ ತೊಂದರೆ ಎಂದು ಹೆದರಿದ ಯಜಮಾನ ಕೀಲಿ ಕಿತ್ತುಕೊಂಡು ಅವನನ್ನು ಹೊರಗೆ ಹಾಕಿದ. ಆಮೇಲೆ, ಚಾಲಕ ಹಿಂದಿನ ಬುಧವಾರದಿಂದಲೇ ಮನೆ ಬಿಟ್ಟು ಪರಾರಿಯಾಗಿದ್ದಾನೆ ಎಂದು ದೂರು ಕೊಟ್ಟ. ಬುಧವಾರ, ಅಂದರೆ ನನ್ನ ಭಾಷಣಕ್ಕೆ ಎರಡು ದಿನ ಮೊದಲು. ಗೋದಾಮಿನ ಕೆಲಸ ಯಜಮಾನನ ತಲೆಗೆ ಬರಬಾರದಲ್ಲ! ಆ ದೂರು ನಿಂತರೆ ಹಿಡಿಯುತ್ತಾರೆ, ಬೆರಳಚ್ಚು ತೆಗೆದು ಗಡೀಪಾರು ಮಾಡುತ್ತಾರೆ. ಮತ್ತೆ ಈ ದೇಶಕ್ಕೆ ಕಾಲಿಡುವಂತಿಲ್ಲ.

"ಕೆಲಸ ಹೋದ್ರೆ ಹೋಗ್ಲಿ ಅಮ್ಮ," ಎಂದ ಅವನು. "ಹದಿನಾರು ವರ್ಷ ಇದ್ದೆ ಇಲ್ಲಿ. ಹೋಗುವಾಗ ಕಳ್ಳನ ಹಾಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಅಷ್ಟೇ."

ಶನಿವಾರ ಬೆಳಗ್ಗೆ ಮಗಳ ಕಾರಿನಲ್ಲಿ ಮಹಬೂಲಾಕ್ಕೆ ಹೋದೆ. ಗೋದಾಮಿನ ಸಂಗಾತಿಗಳು ಅವನಿಗೆ ತಮ್ಮ ಕೋಣೆಯಲ್ಲಿ ಜಾಗ ಕೊಟ್ಟಿದ್ದರು. ಸಮುದ್ರ ಕಾಣಿಸತೊಡಗಿದ ಮೇಲೆ ಮಗಳು ಬಾಯಿಬಿಟ್ಟಳು.

"ಲ್ಯಾಬಲ್ಲಿ ಒಬ್ಬರ ರಿಪೋರ್ಟನ್ನು ನಾನು ಇನ್ನೊಬ್ಬರಿಗೆ ಕೇಳುವ ಹಾಗೆ ಓದಿದ್ರೆ ನನ್ನ ಕೆಲಸ ಹೋಗ್ತದೆ. ನೀನು ಮೈಕಲ್ಲಿ ಓದಿದ್ದಿ. ನಿನಗೆ ಶಾಲು ಸಿಕ್ಕಿತು."

"ಅದು ರೋಗದ ವರದಿಯಲ್ಲ, ಕಸುಬಿನ..."

"ಅಮ್ಮ, ಖಲಾಸ್. ನನ್ನ ಹತ್ರ ಫುಟ್‌ನೋಟ್ ಹಾಕ್ಬೇಡ."

ಹನ್ನೊಂದನೆಯ ಮಹಡಿ. ಆರು ಮಂಚಗಳ ಕೋಣೆ, ಕಿಟಕಿಯಲ್ಲಿ ಸಮುದ್ರದ ಒಂದು ಚೂರು, ಅದರ ಮುಂದೆ ಒಣಗಲು ಹಾಕಿದ ಅಂಗಿಗಳು. ಅವನು ಪ್ಲಾಸ್ಟಿಕ್ ಸ್ಟೂಲನ್ನು ಲುಂಗಿಯ ತುದಿಯಿಂದ ಒರೆಸಿ ನನಗಿಟ್ಟ. ತಾನು ಮಂಚದ ಅಂಚಿನಲ್ಲಿ ಕೂತ. ನಾನು ಟಿಪ್ಪಣಿ ಪುಸ್ತಕ ತೆಗೆದೆ. ಸುಳ್ಳು ಬರೆಯದೆ ಇವನಿಗೆ ಹೇಗೆ ಸಹಾಯ ಮಾಡಬಹುದೆಂದು ದಾರಿಯಲ್ಲಿ ಯೋಚಿಸಿದ್ದೆ, ಏನೂ ಹೊಳೆದಿರಲಿಲ್ಲ. ಹೀಗಾಗಿ, ಗೊತ್ತಿರುವ ಒಂದೇ ಕೆಲಸ ಮಾಡಿದೆ: ಅವನ ಒಂದು ದಿನವನ್ನು ಗಂಟೆಗಂಟೆಯಾಗಿ ಬರೆದುಕೊಂಡೆ. ಅವನ ಬದುಕಿನ ಬಗ್ಗೆ ನಾನು ಅವನನ್ನೇ ಕೇಳಿದ್ದು ಅದು ಮೊದಲ ಸಲ.

ಬೆಳಗ್ಗೆ ಐದಕ್ಕೆ ಮೊದಲು ಎದ್ದು ಕಾರು ತೊಳೆಯುವುದು. ಆರಕ್ಕೆ ಮನೆಯ ಮಕ್ಕಳನ್ನು ಶಾಲೆಗೆ ಬಿಡುವುದು. ಏಳಕ್ಕೆ ಗೇಟಿನ ಹೊರಗೆ ಒಂದು ವ್ಯಾನು. ಅದರಲ್ಲಿ ಅರ್ದಿಯಾದ ಗೋದಾಮು. ಗೋದಾಮು ಯಜಮಾನನ ತಮ್ಮನದು. ಮಧ್ಯಾಹ್ನ ಮಕ್ಕಳನ್ನು ಅವರ ತಾಯಿಯೇ ಕರೆತರುತ್ತಾಳೆ. ಸಂಜೆ ಐದರವರೆಗೆ ಮೈನಸ್ ಹದಿನೆಂಟರ ಕೋಣೆಯಲ್ಲಿ ಕೋಳಿ, ಮೀನಿನ ಪೆಟ್ಟಿಗೆಗಳು. ಹೊತ್ತು ಮುಳುಗಿದ ಮೇಲೆ ಮತ್ತೆ ಸಲ್ವಾ, ಮತ್ತೆ ಕಾರು. ಮನೆಯ ಅಜ್ಜಿಯನ್ನು ನೆಂಟರ ಮನೆಗೆ, ಯಜಮಾನಿಯನ್ನು ಅಂಗಡಿಗೆ.

"ಹಾಗಾದರೆ ನೀವು ನಿಜವಾಗಿಯೂ ಕಾರು ಓಡಿಸುತ್ತೀರಾ?"

ಅವನು ನನ್ನನ್ನು ನೋಡಿದ ಬಗೆ ಮರೆಯುವಂಥದ್ದಲ್ಲ. "ಒಂಬತ್ತು ವರ್ಷದಿಂದ ಓಡಿಸ್ತಿದ್ದೇನೆ ಅಮ್ಮ. ಆ ಮನೆಯ ದೊಡ್ಡ ಮಗಳನ್ನು ಎಲ್‌ಕೆಜಿಯಿಂದ ನಾನೇ ಬಿಡ್ತಿದ್ದದ್ದು."

"ಮತ್ತೆ, ಎಡತೋಳು? ಬಿಸಿಲಿನ ಗುರುತೇ ಇಲ್ಲವಲ್ಲ?"

"ಬಿಸಿಲು ಎಲ್ಲಿಂದ ಅಮ್ಮ? ಬೆಳಗ್ಗೆ ಓಡಿಸುದು ಬಿಸಿಲು ಏರುವ ಮೊದಲು, ಮತ್ತೆ ಓಡಿಸುದು ಬಿಸಿಲು ಹೋದ ಮೇಲೆ. ಕಪ್ಪು ಗ್ಲಾಸಿನ ಕಾರು, ಏಸಿ ಹಾಕಿ ಗ್ಲಾಸು ಏರಿಸಿಯೇ ಇರುದು. ನೀವು ಎಂತ, ಊರಿನ ಲಾರಿ ಅಂತ ಗ್ರಹಿಸಿದ್ರಾ?"

ಬದಿಯ ಮಂಚದಲ್ಲಿ ಮಲಗಿದ್ದವನು ಗೋಡೆಯತ್ತ ತಿರುಗಿ ನಕ್ಕ. ಮಗಳು ಕಿಟಕಿಯ ಹೊರಗೆ ನೋಡಿದಳು.

ಎಡಿನ್‌ಬರೋದ ಚಮ್ಮಾರ ಬೆಳಗ್ಗೆಯೂ ಚಮ್ಮಾರ, ಸಂಜೆಯೂ ಚಮ್ಮಾರ. ಒಂದು ದೇಹಕ್ಕೆ ಒಂದು ಕಸುಬು ಎಂಬ ನಂಬಿಕೆಯ ಮೇಲೆ ಆ ಶಸ್ತ್ರವೈದ್ಯನ ವಿದ್ಯೆ ನಿಂತಿತ್ತು. ಅದನ್ನು ಕಣ್ಣುಮುಚ್ಚಿ ಇಲ್ಲಿಗೆ ಹೊತ್ತು ತಂದವಳು ನಾನು. ಇಲ್ಲಿ ಒಂದು ದೇಹವನ್ನು ಅಣ್ಣ ಬೆಳಗ್ಗೆ ಬಳಸುತ್ತಾನೆ, ತಮ್ಮ ಹಗಲಿಗೆ ಎರವಲು ಪಡೆಯುತ್ತಾನೆ, ಅಣ್ಣ ಸಂಜೆಗೆ ವಾಪಸು ತೆಗೆದುಕೊಳ್ಳುತ್ತಾನೆ. ಆ ಎರವಲಿಗೆ ದೇಹದ ಒಡೆಯನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ; ಸಿಕ್ಕಿಬಿದ್ದರೆ ಮಾತ್ರ ತಪ್ಪೆಲ್ಲ ಅವನದು. ನಾನು ತಾರೀಖುಗಳನ್ನು ತಾಳೆ ನೋಡುತ್ತ ಮುದುಕಿಯಾದೆ. ಒಂದು ತಾರೀಖಿನೊಳಗೆ ಇಪ್ಪತ್ತನಾಲ್ಕು ಗಂಟೆಗಳಿರುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ.

ಅಂದರೆ ನಾನು ಸುಳ್ಳು ಬರೆಯಬೇಕಾಗಿರಲಿಲ್ಲ. "ಇವರು ಡ್ರೈವರ್ ಅಲ್ಲ" ಎಂಬ ನನ್ನ ವಾಕ್ಯವೇ ಸುಳ್ಳು. ನನಗೆ ಸಮಾಧಾನವಾಯಿತು, ಆ ಸಮಾಧಾನದ ಬಗ್ಗೆಯೇ ಮರುಕ್ಷಣ ಹೇಸಿಗೆಯಾಯಿತು. ವಾಕ್ಯ ನಿಜವೇ ಆಗಿದ್ದರೆ ಏನು ಮಾಡುತ್ತಿದ್ದೆ? ನನ್ನ ಸತ್ಯನಿಷ್ಠೆಯನ್ನು ಒಗೆದು ಮಡಚಿಟ್ಟುಕೊಂಡು ಇವನನ್ನು ಗಡೀಪಾರಿಗೆ ಬಿಡುತ್ತಿದ್ದೆನೆ?

ತಪ್ಪೊಪ್ಪಿಗೆ ಮಾತ್ರ ಸಾಲದು, ಬುಧವಾರದ ನಂತರವೂ ಅವನು ಆ ಮನೆಯ ಕೆಲಸದಲ್ಲಿದ್ದನೆಂದು ತೋರಿಸಬೇಕಿತ್ತು. ಕೂಡಲೇ ಕೀಲಿಯ ನೆನಪಾಯಿತು. ಶುಕ್ರವಾರ ಸಂಜೆ ಅಜ್ಜಿಯನ್ನು ತಂಗಿಯ ಮನೆಗೆ ಕರೆದೊಯ್ಯಬೇಕಿದ್ದುದರಿಂದ ಅವನು ಮನೆಯ ಕಾರಿನಲ್ಲೇ ಸಭೆಗೆ ಬಂದಿದ್ದ. ಕೀಲಿಯ ಚರ್ಮದ ತುಂಡಿನ ಮೇಲೆ ಕಾರಿನ ಸಂಖ್ಯೆ ಬರೆದಿತ್ತು. ನಮ್ಮ ಬೆನ್ನ ಹಿಂದಿನ ಬ್ಯಾನರಿನಲ್ಲಿ ಕಾರ್ಯಕ್ರಮದ ತಾರೀಖು. ಬುಧವಾರ ಓಡಿಹೋದವನ ಸೊಂಟದಲ್ಲಿ ಶುಕ್ರವಾರ ಯಜಮಾನನ ಕೀಲಿ! ನಾನು ಗೇಲಿ ಮಾಡಿ ತಳ್ಳಿಹಾಕಿದ ಸಾಕ್ಷ್ಯವೊಂದೇ ಈಗ ಅವನಿಗಿದ್ದ ಆಸರೆ. ಆದರೆ ಹಂಚಿ ಹಂಚಿ ಬಂದ ತುಣುಕಿನಲ್ಲಿ ಅಕ್ಷರಗಳು ಮಸುಕಾಗಿದ್ದವು. ಮೂಲ ವಿಡಿಯೋ ಅಧ್ಯಕ್ಷರ ಫೋನಿನಲ್ಲಿತ್ತು.

ಮನೆಗೆ ಬಂದು ಅವರಿಗೆ ಫೋನು ಮಾಡಿದೆ.

"ಅಯ್ಯೋ ಮೇಡಂ, ನಿಮ್ಮ ಕ್ಲಿಪ್ ಎಷ್ಟು ವೈರಲ್ ಗೊತ್ತುಂಟಾ? ದುಬೈಯವರೂ ನೋಡಿದ್ದಾರೆ!"

ವಿಷಯ ಹೇಳಿದೆ. ಧ್ವನಿ ಇಳಿಯಿತು.

"ಪಾಪವೇ. ಆದ್ರೆ ನೋಡಿ, ನಾವು ಸಂಘದವರು. ಕಫೀಲನ ವಿಷಯಕ್ಕೆ ಹೋದ್ರೆ ನಾಳೆ ನಮಗೆ ಹಾಲ್ ಸಿಗ್ಲಿಕ್ಕಿಲ್ಲ. ಮತ್ತೆ, ಅವನೂ ಗೋಡೌನಿಗೆ ಹೋದದ್ದು ತಪ್ಪೇ ಅಲ್ವಾ? ಕಾನೂನು ಅಂತ ಒಂದು ಉಂಟಲ್ಲ."

ಆ ಮನುಷ್ಯನನ್ನು ವೇದಿಕೆಗೆ ಎಳೆದವರು ಇವರು. ತುಣುಕನ್ನು ಮೊದಲು ಹಂಚಿದವರು ಇವರು. ವರ್ಷಗಟ್ಟಲೆ ಇವರ ಕುರ್ಚಿಗಳನ್ನು ಮಡಚಿದವನು ಅವನು. ಧ್ವನಿ ಏರಿಸದೆ ಹೇಳಿದೆ.

"ಸರಿ. ಹಾಗಾದರೆ ಮುಂದಿನ ಶುಕ್ರವಾರ ನಾನು ಮತ್ತೆ ಬರುತ್ತೇನೆ. ವೇದಿಕೆಯಲ್ಲಿ ಈ ಸಲ ನಿಮ್ಮ ಕೈ ನೋಡುತ್ತೇನೆ. ನೀವು ಏನು ಮಾಡಿದ್ದೀರಿ, ಏನು ಮಾಡಲಿಲ್ಲ, ಎಲ್ಲ ಹೇಳುತ್ತೇನೆ. ಫೋನುಗಳು ತಯಾರಿರಲಿ."

"ನೀವು ಎಂತ ಮೇಡಂ, ಇಷ್ಟಕ್ಕೆಲ್ಲ ಮಂಡೆಬಿಸಿ ಮಾಡಿಕೊಳ್ಳುದು," ಎಂದರು. ಮಗಳು ಮಾಡಿಕೊಟ್ಟ ಚಹಾ ತಣಿಯುವ ಮೊದಲೇ ಮೂಲ ವಿಡಿಯೋ ಬಂತು.

ಮನೆಗೆಲಸದವರ ದೂರುಗಳನ್ನು ನೋಡುವ ಕಚೇರಿಗೆ ಸೋಮವಾರ ಹೋದೆವು. ನನ್ನ ಕನ್ನಡವನ್ನು ಮಗಳು ಆಸ್ಪತ್ರೆಯ ಅರಬ್ಬಿಗೆ ತಿರುಗಿಸುತ್ತಿದ್ದಳು. ಮೇಜಿನ ಹಿಂದೆ ಒಬ್ಬ ಯುವ ಅಧಿಕಾರಿ, ಎದುರಿಗೆ ಕಫೀಲ. ಅವನನ್ನು ರಾಕ್ಷಸನೆಂದು ಕಲ್ಪಿಸಿಕೊಂಡು ಹೋಗಿದ್ದೆ. ನನಗೆ ಎದ್ದು ನಿಂತು ಕುರ್ಚಿ ಕೊಟ್ಟ. ಕೈಯಲ್ಲಿ ಜಪಮಣಿ, ಮುಖದಲ್ಲಿ ನಿದ್ದೆಗೆಟ್ಟ ಹೆದರಿಕೆ. ಸಭ್ಯ ಮನುಷ್ಯ. ಸಭ್ಯತೆಯಿಂದಲೇ ಒಬ್ಬನನ್ನು ಪರಾರಿ ಎಂದು ಬರೆಸಿದ್ದ.

ನನ್ನ ಹೇಳಿಕೆ ಮೂರೇ ವಾಕ್ಯದ್ದು. ಈ ವ್ಯಕ್ತಿ ಡ್ರೈವರ್ ಅಲ್ಲವೆಂದು ನಾನು ಸಭೆಯಲ್ಲಿ ಹೇಳಿದೆ. ಅವನನ್ನು ಒಂದು ಮಾತೂ ಕೇಳದೆ ಹೇಳಿದೆ. ಅದು ತಪ್ಪು. ಕೆಳಗೆ ಸಹಿ, ತಾರೀಖು. ನನ್ನ ಪ್ರಕಟಿತ ಬರಹಗಳಲ್ಲೆಲ್ಲ ಇದಕ್ಕಿಂತ ಖಚಿತವಾದ ಪುಟವಿಲ್ಲ.

ಅಧಿಕಾರಿ ವಿಡಿಯೋ ನಿಲ್ಲಿಸಿ ಕೀಲಿಯನ್ನು ದೊಡ್ಡದು ಮಾಡಿ ನೋಡಿದ, ಬ್ಯಾನರಿನ ತಾರೀಖನ್ನು ನೋಡಿದ, ದೂರಿನ ಹಾಳೆ ನೋಡಿದ. ಕಫೀಲನ ಜಪಮಣಿ ನಿಂತಿತು. ಆಮೇಲೆ ಅಧಿಕಾರಿ ನನ್ನತ್ತ ತಿರುಗಿ ಏನೋ ಕೇಳಿದ. ಮಗಳು ಅನುವಾದಿಸುವಾಗ ಅವಳ ಧ್ವನಿ ಸಣ್ಣದಾಯಿತು.

"ಕೈಯಲ್ಲಿ ಚಳಿಯ ಹುಣ್ಣು ಇದೆ ಅಂತ ವಿಡಿಯೋದಲ್ಲಿ ಹೇಳಿದ್ದೀರಂತೆ. ಡ್ರೈವರಿಗೆ ಅದು ಎಲ್ಲಿಂದ ಬಂತು ಅಂತ ಕೇಳ್ತಿದ್ದಾರೆ."

ಬದಿಯಲ್ಲಿ ನಿಂತಿದ್ದ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಕೇಳದೆ ಹೇಳುವುದನ್ನು ನಾನು ಬಿಟ್ಟಿದ್ದೇನೆ ಎಂದು ಹೇಳು," ಎಂದೆ.

ಅಧಿಕಾರಿ ಅವನತ್ತ ನೋಡಿದ, ಕಫೀಲನತ್ತ ನೋಡಿದ. ಯಾರನ್ನೂ ಏನೂ ಕೇಳಲಿಲ್ಲ. ಅಧಿಕಾರಿಗೆ ಎಲ್ಲವೂ ಗೊತ್ತಾಗಿತ್ತು ಎಂದು ನಾನು ಊಹಿಸುತ್ತೇನೆ. ಇದು ಊಹೆ, ಊಹೆಯೆಂದೇ ಬರೆದಿದ್ದೇನೆ. ಪೆನ್ನಿನ ತುದಿಯಿಂದ ದೂರಿನ ಹಾಳೆಯನ್ನು ಕಫೀಲನ ಕಡೆಗೆ ತಳ್ಳಿ ಎರಡು ಮಾತು ಹೇಳಿದ. ಕಫೀಲ ತಲೆಯಾಡಿಸಿ, "ಖಲಾಸ್," ಎಂದ. ದೂರು ವಾಪಸು, ಇಕಾಮಾ ರದ್ದು. ಅವನು ತನ್ನ ಕಾಲ ಮೇಲೆ, ಸಾಮಾನ್ಯ ಪ್ರಯಾಣಿಕನಂತೆ, ಊರಿಗೆ ಹೋಗಬಹುದು.

ಸುಳ್ಳು ದೂರು ಕೊಟ್ಟದ್ದಕ್ಕೆ ಏನೂ ಆಗಲಿಲ್ಲ. ತಮ್ಮನ ಗೋದಾಮಿನ ಬಾಗಿಲು ಅಂದೂ ತೆರೆದೇ ಇತ್ತು. ಈ ಹೊತ್ತಿಗೆ ಅಲ್ಲಿ ಬೇರೆ ಕೈಗಳು ಊದುತ್ತಿರುತ್ತವೆ. ನ್ಯಾಯ ಸಿಕ್ಕಿತೆಂದು ನನ್ನೊಂದಿಗೆ ಯಾರೂ ಮಾತಾಡಬಾರದು. ಸಿಕ್ಕಿದ್ದು 'ಪರಾರಿ' ಎಂಬ ಒಂದು ಪದದ ಅಳಿಸುವಿಕೆ. ಒಂಬತ್ತು ವರ್ಷ ಎರಡು ಪಾಲು ದುಡಿದವನು ಕಳೆದುಕೊಂಡದ್ದು ಎರಡೂ ಕೆಲಸ.

ಹೊರಗೆ ಕಾರಿನ ನೆರಳಿನಲ್ಲಿ ನಿಂತು ಅವನ ಕ್ಷಮೆ ಕೇಳಿದೆ. ಅವನು ಕೈಗಳನ್ನು ಮುಂದೆ ತಂದು, ತಾನೇ ಒಮ್ಮೆ ನೋಡಿಕೊಂಡ.

"ಒಂದು ಕೇಳ್ತೇನೆ ಅಮ್ಮ. ಅವತ್ತು ಅಷ್ಟೆಲ್ಲ ಹೇಳಿದ್ರಿ. ನಾನು ಟೈಲರ್ ಅಂತ ಯಾಕೆ ಹೇಳ್ಲಿಲ್ಲ?"

"ಟೈಲರ್?"

"ಊರಲ್ಲಿ ನಾನು ಟೈಲರ್. ಅಪ್ಪನೂ ಟೈಲರ್. ಇಲ್ಲಿಗೆ ಬಂದು ಏಳು ವರ್ಷ ಹೊಲಿಗೆಯೇ, ಅಂಗಡಿ ಮುಚ್ಚಿದ ಮೇಲೆ ಡ್ರೈವರ್ ಆದದ್ದು." ತೋರುಬೆರಳಿನ ತುದಿ ತೋರಿಸಿದ. ಒಡೆದ ಚರ್ಮದಡಿ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಒಂದು ಸಣ್ಣ ಬಿಲ್ಲೆ ಇನ್ನೂ ಇತ್ತು. "ಕೈ ನೋಡಿ ಕಸುಬು ಹೇಳ್ತಾರೆ ಅಂದಾಗ, ಇದನ್ನು ಹೇಳ್ತಾರೆ ಅಂತ ಗ್ರಹಿಸಿ ಸ್ಟೇಜಿಗೆ ಬಂದೆ. ಅದಕ್ಕೇ ಕೈ ಚಾಚಿದ್ದು. ನೀವು ಡ್ರೈವರ್ ಅಲ್ಲ ಅಂದಾಗ ಒಮ್ಮೆ ಖುಷಿ ಆಯ್ತು. ಈಗ ಟೈಲರ್ ಅಂತಾರೆ ಅಂದ್ಕೊಂಡೆ."

ಮಗಳು ಕಾರಿನ ಬಾಗಿಲು ತೆರೆದು ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು.

ಮರುವಾರ ಮಂಗಳವಾರ ಅವನು ಹೊರಟ. ವಿಮಾನ ಹತ್ತುವ ಮೊದಲು ಪಾಸ್‌ಪೋರ್ಟಿನ ನಿರ್ಗಮನ ಮುದ್ರೆಯ ಚಿತ್ರ ಕಳಿಸಿದ. ಜೊತೆಗೆ ಒಂದು ಮಾತಿತ್ತು: "ತಾರೀಖು ಸರಿ ಉಂಟಾ ನೋಡಿ ಅಮ್ಮ." ನೋಡಿದೆ. ಟಿಕೆಟ್ಟಿನೊಂದಿಗೆ ತಾಳೆ ನೋಡಿದೆ. ವಿಮಾನದ ಹೊರಡುವ ಪಟ್ಟಿಯೊಂದಿಗೂ ತಾಳೆ ನೋಡಿದೆ. ಸರಿಯಿತ್ತು. ಅವನು ಬಂಗಾರದಂಥ ಒಂದು ಸಾಧಾರಣ ಮುದ್ರೆಯೊಂದಿಗೆ ದೇಶ ಬಿಟ್ಟಿದ್ದ.

ಅವನು ಹೊರಟದ್ದು ಖಚಿತವಾದ ಮೇಲೆಯೇ ಸಂಘದ ಗುಂಪಿನಲ್ಲಿ ನನ್ನ ತಿದ್ದುಪಡಿ ಹಾಕಿದೆ. ಮೊದಲೇ ಹಾಕಿದರೆ ಅದೂ ಅವನಿಗೆ ಮುಳುವಾಗಬಹುದಿತ್ತು. ನಾನು ಹೇಳಿದ್ದು ತಪ್ಪು, ಅದರಿಂದ ಒಬ್ಬ ಮನುಷ್ಯನ ಜೀವನೋಪಾಯ ಹೋಯಿತು, ದಯವಿಟ್ಟು ಎಲ್ಲರೂ ಆ ತುಣುಕನ್ನು ಅಳಿಸಿ, ಎಂದು ಬರೆದೆ. ಹನ್ನೆರಡು ಹೆಬ್ಬೆಟ್ಟುಗಳು ಬಂದವು, ಎರಡು ಜೋಡಿಸಿದ ಕೈಗಳು ಬಂದವು. ಆಮೇಲೆ ಒಬ್ಬರು ಕೇಳಿದರು: "ಯಾವ ಕ್ಲಿಪ್? ನಾನು ನೋಡ್ಲಿಲ್ಲ. ಯಾರಾದ್ರೂ ಹಾಕಿ."

ಒಂದು ನಿಮಿಷದೊಳಗೆ ಅಧ್ಯಕ್ಷರು ಹಾಕಿದರು.

ಟಿಪ್ಪಣಿ ಪುಸ್ತಕದಲ್ಲಿ "ರೋಗಿಯ ಹೇಳಿಕೆ: ಲಭ್ಯವಿಲ್ಲ" ಎಂಬ ಸಾಲು ಇನ್ನೂ ಹಾಗೆಯೇ ಇದೆ. ಅದರ ಕೆಳಗೆ "ಕೇಳಿದವರಿಲ್ಲ" ಎಂದು ಸೇರಿಸಿ, ತಾರೀಖು ಹಾಕಿ, ಗುಂಪಿನಿಂದ ಹೊರಬಂದೆ.